ಊರು ಬಿಟ್ಟವರು ಎಲ್ಲಿಗೆ ಹೋಗುತ್ತಿದ್ದಾರೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ ಬದಲಿಸುವುದು, ಊರು ಬದಲಿಸುವುದು ಮತ್ತು ವಲಸೆಗೆ ಸಂಬಂಧಿಸಿದ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಒಂದೇ ಬಗೆಯವುಗಳನ್ನು ಒಟ್ಟುಗೂಡಿಸಿ, ಹೆಚ್ಚು ಜನರಿಗೆ ಉಪಯೋಗವಾಗಬಹುದಾದ ಕೆಲವಕ್ಕೆ ಇಲ್ಲಿ ಉತ್ತರಿಸಿದೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ಮನೆ ಸಾಮಾನು ಸಾಗಿಸುವ ಕಂಪನಿಗಳು ವರ್ಷಕ್ಕೊಮ್ಮೆ, ಜನರು ಯಾವ ಊರಿನಿಂದ ಯಾವ ಊರಿಗೆ ಹೋಗುತ್ತಿದ್ದಾರೆ ಎಂಬ ಪಟ್ಟಿಯನ್ನು ಹೊರಡಿಸುತ್ತವೆ. ಪತ್ರಿಕೆಗಳೂ ಅದನ್ನು ಪ್ರಕಟಿಸುತ್ತವೆ. ಇಂಥ ಪಟ್ಟಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು? (ರಾಜಾಜಿನಗರ, ಬೆಂಗಳೂರು)

ಉತ್ತರ: ಅವು ಸುಳ್ಳಲ್ಲ, ಆದರೆ ಲಾರಿ ಹತ್ತಿದ ಸಾಮಾನಿನ ಲೆಕ್ಕವನ್ನಷ್ಟೇ ಅವು ಹೇಳಬಲ್ಲವು. ಈ ಪದ್ಧತಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದಲ್ಲಿ. ಅಲ್ಲಿಯ ಯುನೈಟೆಡ್ ವ್ಯಾನ್ ಲೈನ್ಸ್ ಸಂಸ್ಥೆ 1977ರಿಂದಲೂ ತಾನು ಸಾಗಿಸಿದ ಮನೆಗಳನ್ನು ರಾಜ್ಯವಾರು ಎಣಿಸಿ, ಎಲ್ಲಿಗೆ ಬಂದವರು ಹೆಚ್ಚು, ಎಲ್ಲಿಂದ ಹೋದವರು ಹೆಚ್ಚು ಎಂದು ತಿಳಿಸುತ್ತ ಬಂದಿದೆ. ಹೋಗುವವರೆಲ್ಲರೂ ಮಂಚ, ಸೋಫಾ, ಪಾತ್ರೆಗಳೊಂದಿಗೆ ಹೋಗುವ ದೇಶದಲ್ಲಿ ಆ ಲೆಕ್ಕಕ್ಕೆ ಒಂದಿಷ್ಟು ಅರ್ಥವಿದೆ. ನಮ್ಮಲ್ಲಿ ಕಂಪನಿಯನ್ನು ಕರೆಸಿ ಸಾಮಾನು ಕಟ್ಟಿಸುವವರೆಂದರೆ ವರ್ಗಾವಣೆಯಾದ ಬ್ಯಾಂಕಿನವರು, ಸೈನ್ಯದವರು, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ದಂಪತಿಗಳು, ಒಟ್ಟಿನಲ್ಲಿ ಸಾಗಣೆಯ ಖರ್ಚನ್ನು ಕಚೇರಿಯೇ ಭರಿಸುವ ಅಥವಾ ತಾವೇ ಭರಿಸಬಲ್ಲ ಜನ. ಬೆಂಗಳೂರು, ಪುಣೆ, ಹೈದರಾಬಾದು, ಚೆನ್ನೈಗಳ ನಡುವಿನ ಓಡಾಟವೇ ಆ ಪಟ್ಟಿಗಳಲ್ಲಿ ಎದ್ದು ಕಾಣುವುದಕ್ಕೆ ಕಾರಣ ಇದು.

ದೇಶದ ಒಟ್ಟು ಚಿತ್ರ ಬೇರೆಯೇ ಆಗಿದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 45 ಕೋಟಿಗೂ ಹೆಚ್ಚು ಜನರು, ಅಂದರೆ ನೂರಕ್ಕೆ 37ರಷ್ಟು ಮಂದಿ, ಹುಟ್ಟಿದ ಅಥವಾ ಹಿಂದೆ ವಾಸವಿದ್ದ ಊರಿನಲ್ಲಿರದೆ ಇನ್ನೊಂದು ಊರಿನಲ್ಲಿ ನೆಲೆಸಿದ್ದರು. ಅವರಲ್ಲಿ ನೂರಕ್ಕೆ 62ರಷ್ಟು ಜನ ತಮ್ಮ ಜಿಲ್ಲೆಯ ಗಡಿಯನ್ನೇ ದಾಟಿರಲಿಲ್ಲ; ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದವರು 12ರಷ್ಟು ಮಾತ್ರ. 2020-21ರ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ಹೀಗೆ ಊರು ಬದಲಿಸಿದವರ ಪ್ರಮಾಣ ಹೆಂಗಸರಲ್ಲಿ ನೂರಕ್ಕೆ 47.9, ಗಂಡಸರಲ್ಲಿ 10.7 ಎಂದು ಕಂಡುಬಂತು. ಊರು ಬದಲಿಸಿದ ಹೆಂಗಸರಲ್ಲಿ 86.8ರಷ್ಟು ಮಂದಿ ಕೊಟ್ಟ ಕಾರಣ ಮದುವೆ. ತವರಿನಿಂದ ಗಂಡನ ಮನೆಗೆ, ಬಹುಪಾಲು ಪಕ್ಕದ ತಾಲ್ಲೂಕಿಗೆ, ಒಂದು ಟ್ರಂಕು ಮತ್ತು ನಾಲ್ಕು ಸೀರೆಗಳೊಂದಿಗೆ ಹೋದ ಹೆಣ್ಣುಮಕ್ಕಳೇ ಈ ದೇಶದ ಅತಿ ದೊಡ್ಡ ವಲಸಿಗರು. ಅವರಿಗಾಗಿ ಯಾರೂ ಲಾರಿ ಗೊತ್ತು ಮಾಡಲಿಲ್ಲ. ಆದ್ದರಿಂದ ಯಾವ ಕಂಪನಿಯ ಪಟ್ಟಿಯಲ್ಲಿಯೂ ಅವರು ಕಾಣುವುದಿಲ್ಲ.

ಪ್ರಶ್ನೆ: ನಮ್ಮ ಕಡೆ ಮನೆಗೊಂದೋ ಎರಡೋ ಮುದಿ ಜೀವಗಳು ಮಾತ್ರ ಉಳಿದಿವೆ. ಮಲೆನಾಡು ನಿಜಕ್ಕೂ ಖಾಲಿಯಾಗುತ್ತಿದೆಯೇ, ಅಥವಾ ಇದು ನಮ್ಮ ಕಣ್ಣಿಗೆ ಮಾತ್ರ ಹಾಗೆ ಕಾಣುತ್ತಿದೆಯೇ? (ಕೊಪ್ಪ, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ನಿಮ್ಮ ಕಣ್ಣಿಗೆ ಕಂಡದ್ದನ್ನು ಅಂಕಿಗಳೂ ಹೇಳುತ್ತವೆ. 2001ರಲ್ಲಿ 11,40,905 ಇದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ರಾಜ್ಯದ ಜನಸಂಖ್ಯೆ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಏರಿದ ಅದೇ ದಶಕದಲ್ಲಿ ಒಂದು ಇಡೀ ಜಿಲ್ಲೆ ಹಿಂದಕ್ಕೆ ಸರಿಯಿತು. ಕೊಡಗು ಹೆಚ್ಚುಕಡಿಮೆ ಇದ್ದಲ್ಲಿಯೇ ನಿಂತಿತು. ಹಾಸನ, ಮಂಡ್ಯ, ತುಮಕೂರುಗಳ ಏರಿಕೆಯೂ ನೂರಕ್ಕೆ ನಾಲ್ಕನ್ನು ಮುಟ್ಟಲಿಲ್ಲ. ಬೆಂಗಳೂರು ನಗರ ಜಿಲ್ಲೆ ಮಾತ್ರ ಸುಮಾರು 65 ಲಕ್ಷದಿಂದ 96 ಲಕ್ಷಕ್ಕೆ ಬೆಳೆಯಿತು. ಕರ್ನಾಟಕದಲ್ಲಿ ಆ ಹತ್ತು ವರ್ಷಗಳಲ್ಲಿ ಹೆಚ್ಚಿದ ಒಟ್ಟು ಜನರಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿದವರು ಆ ಒಂದು ಜಿಲ್ಲೆಯವರಾದರು. ಇದಕ್ಕಿಂತ ಸ್ಪಷ್ಟವಾಗಿ ನಮ್ಮ ರಾಜ್ಯದ ಕಥೆಯನ್ನು ಹೇಳುವ ಅಂಕಿ ನನಗೆ ಬೇರೆ ಕಂಡಿಲ್ಲ.

ಆದರೆ ಎಲ್ಲವನ್ನೂ ವಲಸೆಯ ತಲೆಗೇ ಕಟ್ಟುವುದು ಸರಿಯಾಗದು. ಮಲೆನಾಡು ಮತ್ತು ಹಳೆ ಮೈಸೂರಿನಲ್ಲಿ ಹುಟ್ಟುವ ಮಕ್ಕಳ ಸಂಖ್ಯೆಯೂ ಬಹಳ ಹಿಂದೆಯೇ ಇಳಿದಿದೆ. ಇರುವ ಒಂದೆರಡು ಮಕ್ಕಳೂ ಹೊರಗೆ ಹೋದಾಗ ಮನೆ ಬರಿದಾಗುತ್ತದೆ. ಹೋಗುವ ಕ್ರಮವನ್ನು ನೀವು ಬಲ್ಲಿರಿ. ಹತ್ತನೆಯ ತರಗತಿ ಮುಗಿದೊಡನೆ ಪಿಯುಸಿಗೆಂದು ಮೂಡುಬಿದಿರೆಗೋ ಮಂಗಳೂರಿಗೋ ಶಿವಮೊಗ್ಗಕ್ಕೋ ಹಾಸ್ಟೆಲ್ ಸೇರುವ ಹುಡುಗ ಅಥವಾ ಹುಡುಗಿ ಆಮೇಲೆ ರಜೆಗೆ ಬರುವ ನೆಂಟರಾಗುತ್ತಾರೆ. ಇಂಜಿನಿಯರಿಂಗ್ ಮುಗಿಸಿದವರಿಗೆ ಊರಿನಲ್ಲಿ ಕೆಲಸವಿಲ್ಲ. ಕೆಲಸವಿಲ್ಲದೆ ತೋಟ ನೋಡಿಕೊಂಡು ಉಳಿದವನಿಗೆ ಹೆಣ್ಣು ಸಿಗುವುದಿಲ್ಲ. ಉತ್ತರ ಕನ್ನಡ ಮತ್ತು ಮಲೆನಾಡಿನ ಕೃಷಿಕ ಕುಟುಂಬಗಳು ಉತ್ತರ ಭಾರತದಿಂದ ಸೊಸೆಯಂದಿರನ್ನು ತಂದುಕೊಂಡದ್ದೂ, ಮಂಡ್ಯ ಭಾಗದ ಅವಿವಾಹಿತ ಯುವಕರು 2023ರಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದೂ ಒಂದೇ ಕಷ್ಟದ ಎರಡು ಮುಖಗಳು. ಇದನ್ನು ನಗೆಗೆ ವಸ್ತು ಮಾಡಿದವರು ಆ ಮನೆಗಳ ಸಂಕಟವನ್ನು ಕಾಣಲಿಲ್ಲ.

ನಿಮ್ಮ ತಾಲ್ಲೂಕಿನ ಮಟ್ಟಿಗೆ ಇನ್ನೊಂದು ಕಾರಣವನ್ನು ಸೇರಿಸಬೇಕು. ಕೊಪ್ಪ, ಶೃಂಗೇರಿ ಸೀಮೆಯ ಅಡಿಕೆ ತೋಟಗಳನ್ನು ದಶಕಗಳಿಂದ ಹಳದಿ ಎಲೆ ರೋಗ ತಿನ್ನುತ್ತ ಬಂದಿದೆ. ಈಚೆಗೆ ಎಲೆಚುಕ್ಕಿ ರೋಗವೂ ಅದಕ್ಕೆ ಜೊತೆಯಾಗಿದೆ. ಪಾಲಾಗಿ ಪಾಲಾಗಿ ಎರಡು ಎಕರೆಗೆ ಇಳಿದ ತೋಟಕ್ಕೆ ರೋಗವೂ ಬಂದರೆ ಮಗನನ್ನು ಊರಿನಲ್ಲಿಯೇ ಇರು ಎಂದು ಹೇಳಲು ಯಾವ ತಂದೆಗೂ ಬಾಯಿ ಬಾರದು. ಇಷ್ಟಾದರೂ ಮಲೆನಾಡಿಗೆ ಬರುವವರೂ ಇದ್ದಾರೆ ಎಂಬುದನ್ನು ಗಮನಿಸಿ. ಚಿಕ್ಕಮಗಳೂರು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಇಂದು ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು ಕೆಲಸ ಮಾಡುತ್ತಿವೆ. ಆಳು ಮನೆಗಳ ಸಾಲಿನಲ್ಲಿ ಅವರ ಮಕ್ಕಳಿದ್ದಾರೆ. ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದ ನಿಮ್ಮ ಊರಿನ ಸರ್ಕಾರಿ ಶಾಲೆಗೆ ಆ ಮಕ್ಕಳನ್ನು ಕರೆತರುವ ಪ್ರಯತ್ನವನ್ನು ಶಾಲಾಭಿವೃದ್ಧಿ ಸಮಿತಿಯವರು ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಕೃಷ್ಣೆಯ ಕಾಲುವೆ ಬಂದು ಇಷ್ಟು ವರ್ಷವಾದರೂ ನಮ್ಮ ಜಿಲ್ಲೆಯ ಜನ ಗುಳೆ ಹೋಗುವುದು ನಿಂತಿಲ್ಲ. ಏಕೆ? ಹೋದವರ ಮಕ್ಕಳ ಓದು, ರೇಷನ್ ಇವುಗಳ ಗತಿಯೇನು? (ಯಾದಗಿರಿ ಜಿಲ್ಲೆ)

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮದು. ಕಾಲುವೆಯ ನೀರು ಹರಿಯುವುದು ಅಚ್ಚುಕಟ್ಟಿನ ಹೊಲಗಳಿಗೆ. ನಾರಾಯಣಪುರದ ಎಡದಂಡೆಯ ನೀರು ಸಿಕ್ಕ ಊರುಗಳಲ್ಲಿ ಭತ್ತ ಬೆಳೆಯುತ್ತಿದೆ. ಅಲ್ಲಿ ನಾಟಿಯ ಹೊತ್ತಿಗೆ ಆಳು ಸಿಗುವುದೇ ಕಷ್ಟ. ಆದರೆ ಗುಡ್ಡದ ಮಗ್ಗುಲಿನ ತಾಂಡಾಗಳಿಗೂ ಮಸಾರಿ ನೆಲದ ಊರುಗಳಿಗೂ ಆ ನೀರು ಏರುವುದಿಲ್ಲ. ಅಲ್ಲಿಯ ರೈತನಿಗೆ ಮಳೆ ಒಂದೇ ಆಧಾರ, ಬೆಳೆಯೂ ಒಂದೇ. ಸುಗ್ಗಿಯಿಂದ ಮುಂದಿನ ಮುಂಗಾರಿನವರೆಗೆ ಕೈಗೆ ಕೆಲಸವಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೇಳಿತ್ತು. ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ಗುಳೆ ಹೋಗುವವರ ಊರುಗಳನ್ನು ನಕಾಶೆಯಲ್ಲಿ ಗುರುತಿಸುತ್ತ ಹೋದರೆ ಬಹುಮಟ್ಟಿಗೆ ಅದೇ ಪಟ್ಟಿ ಕಣ್ಣ ಮುಂದೆ ಬರುತ್ತದೆ.

ಗುಳೆಯಲ್ಲಿಯೂ ಎರಡು ಬಗೆ. ಒಂದು, ಬೆಂಗಳೂರು, ಪುಣೆ, ಮುಂಬೈ, ಗೋವಾಗಳ ಕಟ್ಟಡ ಮತ್ತು ರಸ್ತೆ ಕೆಲಸ. ಇದರಲ್ಲಿ ಕುಟುಂಬ ವರ್ಷಕ್ಕೆ ಎಂಟು ಹತ್ತು ತಿಂಗಳು ತಗಡಿನ ಶೆಡ್ಡಿನಲ್ಲಿರುತ್ತದೆ. ಜಾತ್ರೆಗೆ, ಯುಗಾದಿಗೆ, ಚುನಾವಣೆಗೆ ಊರಿಗೆ ಬಂದು ಹೋಗುತ್ತದೆ. ಇನ್ನೊಂದು, ಬೆಳಗಾವಿ, ಬಾಗಲಕೋಟೆ ಮತ್ತು ಪಶ್ಚಿಮ ಮಹಾರಾಷ್ಟ್ರದ ಕಬ್ಬು ಕಡಿಯುವ ಕೆಲಸ. ಇದಕ್ಕೆ ಮಳೆಗಾಲದಲ್ಲಿಯೇ ಮುಕಾದಮ, ಅಂದರೆ ಕೂಲಿಯವರ ಗುಂಪು ಕಟ್ಟುವ ಮೇಸ್ತ್ರಿ, ಬಂದು ಮುಂಗಡ ಕೊಡುತ್ತಾನೆ. ಗಡಿ ಸೀಮೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಎಂದು ಲೆಕ್ಕ ಹಿಡಿಯುವುದುಂಟು. ಒಬ್ಬರು ಕಾಯಿಲೆ ಬಿದ್ದರೆ ಲೆಕ್ಕವೇ ಮುರಿಯುತ್ತದೆ. ದಸರೆ ಕಳೆದ ಮೇಲೆ ಟ್ರ್ಯಾಕ್ಟರಿನ ಟ್ರೇಲರಿಗೆ ಜೋಳದ ಚೀಲ, ರೊಟ್ಟಿ ಹಂಚು, ಕೊಡ, ಹಾಸಿಗೆಯ ಗಂಟು, ಕಟ್ಟಿಹಾಕಿದ ಒಂದೆರಡು ಕೋಳಿ, ಮೇಲೆ ಮಕ್ಕಳನ್ನು ಕೂರಿಸಿ ಊರು ಬಿಡುತ್ತಾರೆ. ಇದೂ ಮನೆ ಸಾಗಿಸುವುದೇ. ಇಡೀ ಮನೆಯೇ ಆ ಟ್ರೇಲರಿನಲ್ಲಿರುತ್ತದೆ. ತೆಗೆದುಕೊಂಡ ಮುಂಗಡ ದುಡಿಮೆಯಲ್ಲಿ ತೀರದಿದ್ದರೆ ಉಳಿದದ್ದು ಮುಂದಿನ ವರ್ಷದ ಸಾಲವಾಗುತ್ತದೆ. ಹೀಗಾಗಿ ಮುಂದಿನ ವರ್ಷ ಹೋಗಬೇಕೋ ಬೇಡವೋ ಎಂಬುದು ಆ ಕುಟುಂಬದ ಇಚ್ಛೆಗೆ ಬಿಟ್ಟ ಮಾತಾಗಿ ಉಳಿಯುವುದಿಲ್ಲ.

ಕೇಳಿದ ಎರಡನೆಯ ಭಾಗಕ್ಕೆ ಬರುತ್ತೇನೆ. ರೇಷನ್ ವಿಷಯದಲ್ಲಿ ಪರಿಸ್ಥಿತಿ ಮೊದಲಿಗಿಂತ ಉತ್ತಮವಾಗಿದೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ 2020ರ ಜನವರಿಯಲ್ಲಿಯೇ ಸೇರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದರೆ ಬೆಂಗಳೂರಿನಲ್ಲಾಗಲಿ ಸಾಂಗ್ಲಿಯಲ್ಲಾಗಲಿ ಬೆರಳಚ್ಚು ಕೊಟ್ಟು ಪಾಲಿನ ಧಾನ್ಯ ಪಡೆಯಬಹುದು. ಊರಿನಲ್ಲಿ ಉಳಿದ ಮುದುಕರು ತಮ್ಮ ಭಾಗವನ್ನು ಅಲ್ಲಿಯೇ ಪಡೆದು, ಹೋದವರು ಅವರವರ ಭಾಗವನ್ನು ಇದ್ದಲ್ಲಿ ಪಡೆಯಲೂ ಸಾಧ್ಯವಿದೆ. ಕಟ್ಟಡ ಕೆಲಸ ಮಾಡುವವರು ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಇದಕ್ಕೆ ಬೇಕಾದ ದುಡಿಮೆಯ ದೃಢೀಕರಣವನ್ನು ಕೊಡಲು ಗುತ್ತಿಗೆದಾರರು ಹಿಂಜರಿಯುವುದೇ ದೊಡ್ಡ ತೊಡಕು. ಮಕ್ಕಳ ಓದಿನ ಮಾತು ಮಾತ್ರ ದುಃಖದ್ದು. ತಂದೆತಾಯಿ ಗುಳೆ ಹೋದಾಗ ಮಕ್ಕಳು ಊರಿನಲ್ಲಿಯೇ ಉಳಿದು ಓದಲೆಂದು ಋತುಮಾನದ ಹಾಸ್ಟೆಲುಗಳ ವ್ಯವಸ್ಥೆ ಇದೆ. ಅದು ಅಕ್ಟೋಬರಿನಲ್ಲಿ, ಟ್ರ್ಯಾಕ್ಟರು ಹೊರಡುವ ಮುನ್ನ, ತೆರೆದರೆ ಉಪಯೋಗ. ಡಿಸೆಂಬರಿನಲ್ಲಿ ತೆರೆದರೆ ಮಕ್ಕಳು ಆಗಲೇ ಕಬ್ಬಿನ ಗದ್ದೆಯಲ್ಲಿರುತ್ತಾರೆ. ನಿಮ್ಮ ಗ್ರಾಮ ಪಂಚಾಯಿತಿ ದಸರೆಗೆ ಮೊದಲೇ ಹೋಗುವ ಮನೆಗಳ ಪಟ್ಟಿ ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡುವಂತೆ ನೀವು ಒತ್ತಾಯಿಸಬೇಕು. ಆ ಪಟ್ಟಿಯನ್ನು ಊರಿನವರಷ್ಟು ಸರಿಯಾಗಿ ಯಾವ ಇಲಾಖೆಯೂ ಮಾಡಲಾರದು.

ಪ್ರಶ್ನೆ: ನಮ್ಮ ತಂದೆಯ ಕಾಲದಲ್ಲಿ ಮನೆಗೊಬ್ಬರು ಮುಂಬೈಯಲ್ಲಿರುತ್ತಿದ್ದರು. ಈಗ ಯಾರೂ ಹೋಗುತ್ತಿಲ್ಲ. ಆ ದಾರಿ ಮುಚ್ಚಿತೇ? (ಕಾರ್ಕಳ, ಉಡುಪಿ ಜಿಲ್ಲೆ)

ಉತ್ತರ: ಪೂರ್ತಿ ಮುಚ್ಚಿಲ್ಲ, ಕವಲೊಡೆದಿದೆ. ಕರಾವಳಿಯ ಹುಡುಗರು ಹೋಟೆಲಿನಲ್ಲಿ ಹಗಲು ದುಡಿದು, ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಬ್ಯಾಂಕಿಗೋ ಕಚೇರಿಗೋ ಸೇರಿ, ತಮ್ಮಂದಿರನ್ನು ಕರೆಸಿಕೊಂಡ ಕಾಲ ಅದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿಯ ಅಕ್ಕಿಯನ್ನೇ ನೆಚ್ಚಿದ್ದ ಮನೆತನಗಳ ಮಕ್ಕಳೂ ಅದೇ ದಾರಿ ಹಿಡಿದರು. ಅದೇ ದಶಕದಲ್ಲಿ ಕೊಲ್ಲಿ ದೇಶಗಳ ಬಾಗಿಲೂ ತೆರೆಯಿತು. ಗಂಡಸರು ಹೊರಗಿದ್ದು ಹೆಂಗಸರು ಮನೆ ನಡೆಸಿದ ಗುರುತು ಇಂದಿಗೂ ಜನಗಣತಿಯಲ್ಲಿದೆ: 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದರು, ರಾಜ್ಯದ ಎಲ್ಲ ಜಿಲ್ಲೆಗಳಿಗಿಂತ ಹೆಚ್ಚು. 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡು ಮುಂಬೈ ಒಂದು ರಾತ್ರಿಯ ದಾರಿಯಾದಾಗ ಅಲ್ಲಿಗೆ ಹೋಗುವ ಹೊಸಬರ ಸಂಖ್ಯೆ ಇಳಿಯತೊಡಗಿತ್ತು. ಓದಿದ ಮಕ್ಕಳಿಗೆ ಬೆಂಗಳೂರಿನ ರಾತ್ರಿ ಬಸ್ಸು ಹತ್ತಿರವಾಯಿತು. ಮುಂಬೈಯ ಎರಡನೆಯ ತಲೆಮಾರು ಈಗ ಊರಿನ ಮನೆಯನ್ನು ದುರಸ್ತಿ ಮಾಡಿಸಿ ಕೋಲ, ನಾಗಮಂಡಲಗಳಿಗೆ ಬಂದು ಹೋಗುತ್ತಿದೆ. ನೆಲೆಸಲು ಬರುವವರು ನಿವೃತ್ತರು ಮಾತ್ರ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆಗಿರುವ ನಾವು ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುತ್ತಲೇ ಇದ್ದೇವೆ. ಎಲ್ಲರ ಪಾಡೂ ಇದೇ ಏನು? ಬದಲಿಸುವಾಗ ಕಾಗದಪತ್ರದ ವಿಷಯದಲ್ಲಿ ಏನೇನು ಗಮನಿಸಬೇಕು? (ಉತ್ತರಹಳ್ಳಿ, ಬೆಂಗಳೂರು)

ಉತ್ತರ: ಬೆಂಗಳೂರಿಗೆ ಬರುವ ವಲಸೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬಂದ ಮೇಲೆ ಊರೊಳಗೇ ನಡೆಯುವ ಈ ಅಲೆದಾಟದ ಬಗ್ಗೆ ಮಾತಾಡುವವರು ಕಡಿಮೆ. ಇದರ ಮೂಲದಲ್ಲಿ ಹನ್ನೊಂದು ತಿಂಗಳ ಕರಾರಿದೆ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕಾದ್ದರಿಂದ ಮಾಲೀಕರೂ ದಲ್ಲಾಳಿಗಳೂ ಹನ್ನೊಂದು ತಿಂಗಳಿಗೆ ನಿಲ್ಲಿಸುತ್ತಾರೆ. ಪ್ರತಿ ಸಲ ಬಾಡಿಗೆ ಏರುತ್ತದೆ. ಏರಿಕೆ ಸಂಬಳದ ಏರಿಕೆಯನ್ನು ಮೀರಿದಾಗ ಟೂ-ಲೆಟ್ ಬೋರ್ಡು ಹುಡುಕುವ ಕೆಲಸ ಶುರುವಾಗುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವ ಹಳೆಯ ರೂಢಿ ಕೆಲವೆಡೆ ಐದಾರು ತಿಂಗಳಿಗೆ ಇಳಿದಿದೆ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿತ್ತು. ಆದರೆ ಅದು ಮಾದರಿಯಷ್ಟೇ. ರಾಜ್ಯವೊಂದು ತನ್ನದೇ ಕಾನೂನು ಮಾಡಿದರೆ ಮಾತ್ರ ಬಾಡಿಗೆದಾರನಿಗೆ ಬಲ ಬರುತ್ತದೆ. ಈ ಒಂದು ಸುಧಾರಣೆಯಾದರೆ ಲಕ್ಷಾಂತರ ಮಧ್ಯಮ ವರ್ಗದ ಮನೆಗಳ ಉಳಿತಾಯ ಮಾಲೀಕರ ಬಳಿ ಒತ್ತೆ ಬೀಳುವುದು ತಪ್ಪುತ್ತದೆ.

ಯಾವ ಕಡೆಗೆ ಬದಲಿಸುತ್ತಾರೆ ಎಂಬುದನ್ನು ಈಗ ಎರಡು ಸಂಗತಿಗಳು ನಿರ್ಧರಿಸುತ್ತಿವೆ: ಮೆಟ್ರೋ ಮತ್ತು ನೀರು. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಅಖಂಡವಾದ ಮೇಲೆ, ಪೂರ್ವದ ಕಂಪನಿಗಳಲ್ಲಿ ದುಡಿಯುತ್ತ ಕೆಂಗೇರಿಯ ಕಡೆ ಕಡಿಮೆ ಬಾಡಿಗೆಯಲ್ಲಿ ಇರುವುದು ಸಾಧ್ಯವಾಯಿತು. 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯನ್ನು ಜಯನಗರದ ಕಡೆಗೆ ಜೋಡಿಸಿತು. ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಮನೆಗಳ ಬಾಡಿಗೆ ಮಾಲೀಕರ ಬಾಯಲ್ಲಿ ಬೇರೆಯೇ ಆಗಿದೆ. ನೀರಿನ ಪಾಠವನ್ನು 2024ರ ಬೇಸಿಗೆ ಕಲಿಸಿತು. ಅದಕ್ಕೆ ಮೊದಲು ಮನೆ ನೋಡಲು ಹೋದವರು ಗಾಳಿ ಬೆಳಕು ನೋಡುತ್ತಿದ್ದರು. ಈಗ ಕಾವೇರಿ ನೀರು ಬರುತ್ತದೆಯೇ, ವಾರಕ್ಕೆ ಎಷ್ಟು ದಿನ, ಸಂಪು ಎಷ್ಟು ಲೀಟರಿನದು ಎಂದು ಕೇಳುತ್ತಾರೆ. ನಗರಕ್ಕೆ 2007ರಲ್ಲಿ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿದೆ. ಆದರೂ ನಿಮ್ಮ ಬೀದಿಗೆ ಕೊಳವೆ ಬಂದಿದೆಯೇ ಎಂಬುದನ್ನು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಳ್ಳಿ. ಕಾಲದ ಮಾತಿಗೆ ಬಂದರೆ ಶಾಲೆಗಳ ಪರೀಕ್ಷೆ ಮುಗಿದ ಏಪ್ರಿಲ್, ಮೇ ತಿಂಗಳುಗಳಲ್ಲಿ ಮನೆ ಬದಲಿಸುವವರು ಹೆಚ್ಚು. ಆಷಾಢದಲ್ಲಿ ಹಾಲು ಉಕ್ಕಿಸಲು ಒಪ್ಪುವವರು ಕಡಿಮೆ. ಸಂಪ್ರದಾಯದ ಅಡ್ಡಿ ಇಲ್ಲದವರಿಗೆ ಆಷಾಢದಲ್ಲಿ ಬಾಡಿಗೆ ಚೌಕಾಸಿಯೂ ಸುಲಭ, ಕ್ಯಾಂಟರ್ ಸಿಗುವುದೂ ಸುಲಭ.

ಕಾಗದಪತ್ರದಲ್ಲಿ ಮುಖ್ಯವಾದದ್ದು ಮತದಾರರ ಪಟ್ಟಿ. ವಿಳಾಸ ಬದಲಾದಾಗ, ಕ್ಷೇತ್ರವೇ ಬದಲಾಗಿದ್ದರೂ, ನಮೂನೆ 8ನ್ನು ಸಲ್ಲಿಸಬೇಕು. ಹೊಸದಾಗಿ ಸೇರುವವರ ನಮೂನೆ 6 ನಿಮಗೆ ಬೇಕಿಲ್ಲ. ಎರಡು ಕಡೆ ಹೆಸರು ಇರುವುದು ಕಾನೂನಿಗೆ ವಿರುದ್ಧ. ವಾಹನದ ನೋಂದಣಿ ಪತ್ರದಲ್ಲಿ 30 ದಿನಗಳೊಳಗೆ ವಿಳಾಸ ಬದಲಿಸಿಕೊಳ್ಳಬೇಕು. ಖಾಲಿ ಮಾಡುವ ದಿನ ವಿದ್ಯುತ್ ಮೀಟರಿನ ಮತ್ತು ಗೋಡೆಗಳ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಹಿಡಿಯುವ ಮೊತ್ತದ ಬಗ್ಗೆ ಮಾತಾಡುವಾಗ ಅವು ಬೇಕಾಗುತ್ತವೆ.

ಪ್ರಶ್ನೆ: ಬೆಂಗಳೂರು ಬಿಟ್ಟು ಬರುವವರಿಂದ ಮೈಸೂರು ತುಂಬಿಹೋಗುತ್ತದೆ ಎಂದು ರಿಯಲ್ ಎಸ್ಟೇಟಿನವರು ಹೇಳುತ್ತಿದ್ದಾರೆ. ಇದು ನಿಜವೇ? ಸೈಟು ಕೊಳ್ಳುವ ಆಲೋಚನೆಯಲ್ಲಿದ್ದೇನೆ. (ವಿಜಯನಗರ, ಮೈಸೂರು)

ಉತ್ತರ: ಅವರು ಹೇಳುವಷ್ಟು ಅಲ್ಲ. 2020ರ ಲಾಕ್‌ಡೌನಿನಲ್ಲಿ ಮನೆಯಿಂದಲೇ ಕೆಲಸ ಮಾಡಲು ಅವಕಾಶವಾದಾಗ ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗಗಳಿಗೆ ಬಹಳ ಯುವಕರು ಮರಳಿದ್ದು ನಿಜ. ಆದರೆ ಕಂಪನಿಗಳು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ ಕಚೇರಿಗೆ ಬನ್ನಿ ಎಂದಾಗ ಅವರಲ್ಲಿ ಹೆಚ್ಚಿನವರು ಹಿಂದಿರುಗಿದರು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹತ್ತು ಪಥದ ಹೆದ್ದಾರಿ ಮೈಸೂರನ್ನು ಹತ್ತಿರ ತಂದಿತು; ಹತ್ತಿರವಾದ ಊರು ವಾರಾಂತ್ಯದ ಊರಾಗುವುದು ಸುಲಭ, ದುಡಿಮೆಯ ಊರಾಗುವುದು ಕಷ್ಟ. ಇದರ ಒಳಗಿನ ಕಾರಣವನ್ನು ಯಾರೂ ಸಾಕಷ್ಟು ಹೇಳುತ್ತಿಲ್ಲ ಎಂದು ನನಗನ್ನಿಸುತ್ತದೆ. ಇಂದಿನ ಕುಟುಂಬಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಒಬ್ಬರಿಗೆ ಮೈಸೂರಿನಲ್ಲಿ ಒಳ್ಳೆಯ ಕೆಲಸ ಸಿಗಬಹುದು. ಇಬ್ಬರಿಗೂ ಒಂದೇ ಸಲ, ಈ ಕೆಲಸ ಹೋದರೆ ಇನ್ನೊಂದು ಸಿಗುವ ಭರವಸೆಯೊಂದಿಗೆ, ಸಿಗುವುದು ಬೆಂಗಳೂರಿನಂಥ ಊರಿನಲ್ಲಿ ಮಾತ್ರ. ಸರ್ಕಾರ ಬೆಂಗಳೂರಿನಾಚೆಗೆ ಕಂಪನಿಗಳನ್ನು ಕರೆದೊಯ್ಯುವ ಯೋಜನೆಯನ್ನು ನಡೆಸುತ್ತಿದೆ. ಒಂದೇ ಬಗೆಯ ಹತ್ತಾರು ಕಂಪನಿಗಳು ಒಂದೇ ಊರಿಗೆ ಬಂದಾಗ ಅದು ಫಲ ಕೊಡುತ್ತದೆ. ಅಲ್ಲಿಯವರೆಗೆ ಮೈಸೂರಿಗೆ ಬರುವವರಲ್ಲಿ ನಿವೃತ್ತರದೇ ದೊಡ್ಡ ಪಾಲು. ನೀವು ವಾಸಕ್ಕೆ ಸೈಟು ಕೊಳ್ಳುವುದಾದರೆ, ಬಡಾವಣೆಗೆ ಪ್ರಾಧಿಕಾರದ ಅನುಮೋದನೆ ಇದೆಯೇ ಎಂದು ನೋಡಿ ಕೊಳ್ಳಿ. ಬೆಲೆ ದುಪ್ಪಟ್ಟಾಗುತ್ತದೆ ಎಂಬ ಮಾತನ್ನು ನಂಬಿ ಸಾಲ ಮಾಡಬೇಡಿ.

ಪ್ರಶ್ನೆ: ಪುಣೆಯಲ್ಲಿದ್ದೇವೆ. ಮಗ ಐದನೆಯ ತರಗತಿ. ಧಾರವಾಡಕ್ಕೆ ಮರಳುವ ಯೋಚನೆ ಇದೆ. ಯಾವಾಗ ಬಂದರೆ ಒಳ್ಳೆಯದು? (ಪುಣೆ)

ಉತ್ತರ: ಈ ವರ್ಷ ಮುಗಿದೊಡನೆ ಬನ್ನಿ. ಕರ್ನಾಟಕದ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ನಿಯಮದ ಪ್ರಕಾರ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ಆರನೆಯ ತರಗತಿಗೆ ಧಾರವಾಡದಲ್ಲಿ ಸೇರಿಸಿದರೆ ದ್ವಿತೀಯ ಪಿಯುಸಿಗೆ ಸರಿಯಾಗಿ ಏಳು ವರ್ಷವಾಗುತ್ತದೆ. ಒಂದು ವರ್ಷ ತಡವಾದರೂ ಈ ದಾರಿ ತಪ್ಪುತ್ತದೆ. ತಂದೆತಾಯಿಯ ಓದು, ಉದ್ಯೋಗಗಳ ಆಧಾರದ ಮೇಲೆ ಬೇರೆ ಕಲಮುಗಳೂ ಇವೆ. ಪರೀಕ್ಷಾ ಪ್ರಾಧಿಕಾರದ ಕೈಪಿಡಿಯಲ್ಲಿ ಅವುಗಳನ್ನು ನೋಡಿಕೊಳ್ಳಿ. ನಿಮ್ಮ ವಾಹನ ಮಹಾರಾಷ್ಟ್ರದ ನೋಂದಣಿಯದಾಗಿದ್ದರೆ ಹನ್ನೆರಡು ತಿಂಗಳು ಮೀರಿ ಇಲ್ಲಿರುವುದಾದಲ್ಲಿ ಮರುನೋಂದಣಿ ಅಗತ್ಯ. ಅದರ ತೆರಿಗೆಯನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಪ್ರಶ್ನೆ: ಇಲ್ಲಿಯ ಕನ್ನಡಿಗರಲ್ಲಿ ಬಹಳ ಮಂದಿ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಿಂದ ಟೆಕ್ಸಸ್‌ಗೆ ಬಂದವರು. ಇದು ನಮ್ಮವರಲ್ಲಿ ಮಾತ್ರವೇ? (ಡಲ್ಲಾಸ್, ಅಮೆರಿಕ)

ಉತ್ತರ: ಅಲ್ಲ, ನಿಮ್ಮವರು ಆ ದೇಶದ ದೊಡ್ಡ ಪ್ರವಾಹದ ಜೊತೆಯಲ್ಲಿಯೇ ಹೋಗುತ್ತಿದ್ದಾರೆ. 2020ರ ಜನಗಣತಿಯ ನಂತರ ಅಮೆರಿಕದ ಕೆಳಸದನದಲ್ಲಿ ಟೆಕ್ಸಸ್‌ಗೆ ಎರಡು ಸ್ಥಾನ ಹೆಚ್ಚಾದವು. ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಸ್ಥಾನವನ್ನು ಕಳೆದುಕೊಂಡಿತು. ಮನೆಯ ಬೆಲೆ ಮುಖ್ಯ ಕಾರಣ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದು ಇನ್ನೊಂದು, ಆಸ್ತಿ ತೆರಿಗೆ ಅಲ್ಲಿ ಭಾರವೆಂಬುದು ಹೋದವರಿಗೆ ಆಮೇಲೆ ತಿಳಿಯುತ್ತದೆ. ಒರಾಕಲ್ 2020ರಲ್ಲಿ, ಟೆಸ್ಲಾ 2021ರಲ್ಲಿ ಮುಖ್ಯ ಕಚೇರಿಯನ್ನು ಆಸ್ಟಿನ್‌ಗೆ ಒಯ್ದವು. ಕೆಲಸವೂ ಜನರ ಹಿಂದೆ ಹೋಯಿತು. ಆದರೆ ಒಟ್ಟಾರೆ ಅಮೆರಿಕನ್ನರು ಮನೆ ಬದಲಿಸುವುದು ಕಡಿಮೆಯಾಗುತ್ತಿದೆ ಎಂಬುದು ಗಮನಿಸಬೇಕಾದ ವಿಷಯ. 1950ರ ದಶಕದಲ್ಲಿ ವರ್ಷಕ್ಕೆ ಐವರಲ್ಲಿ ಒಬ್ಬರು ಮನೆ ಬದಲಿಸುತ್ತಿದ್ದ ದೇಶದಲ್ಲಿ ಈಗ ಆ ಪ್ರಮಾಣ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. 2022ರ ನಂತರ ಬಡ್ಡಿ ಏರಿದಾಗ, ಹಳೆಯ ಕಡಿಮೆ ಬಡ್ಡಿಯ ಸಾಲದಲ್ಲಿ ಮನೆ ಕೊಂಡವರು ಅದನ್ನು ಮಾರಿ ಹೊಸ ಸಾಲಕ್ಕೆ ಕೈಹಾಕಲು ಹಿಂಜರಿಯುತ್ತಿದ್ದಾರೆ.

ಪ್ರಶ್ನೆ: ನಮ್ಮ ಹೊಲಗಳಿಗೆ ಪ್ರತಿ ವರ್ಷ ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದಲೂ ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ಜನ ಬರುತ್ತಾರೆ. ಮುಂಬರುವ ಜನಗಣತಿಯಲ್ಲಿ ಇವರನ್ನು ಯಾರು, ಎಲ್ಲಿ ಎಣಿಸುತ್ತಾರೆ? (ಅಥಣಿ, ಬೆಳಗಾವಿ ಜಿಲ್ಲೆ)

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಜನರ ಎಣಿಕೆ ಅದಕ್ಕೆ ಮುಂಚಿನ ಫೆಬ್ರವರಿಯಲ್ಲಿ ನಡೆಯಬೇಕಾಗಿದೆ. ಫೆಬ್ರವರಿ ಎಂದರೆ ನಿಮ್ಮ ಕಡೆ ಕಾರ್ಖಾನೆಗಳು ಕಬ್ಬು ಅರೆಯುತ್ತಿರುವ ಕಾಲ, ಅವರೆಲ್ಲ ನಿಮ್ಮ ಹೊಲಗಳ ಬದುಗಳಲ್ಲಿ ಗುಡಿಸಲು ಹಾಕಿಕೊಂಡಿರುವ ಕಾಲ. ಹಿಂದಿನ ಗಣತಿಗಳ ನಿಯಮದಂತೆ ಸಾಮಾನ್ಯವಾಗಿ ವಾಸವಿರುವ ಊರಿನಲ್ಲಿ ಎಣಿಕೆಯ ಅವಧಿಯ ಯಾವುದಾದರೂ ದಿನ ಇದ್ದವರನ್ನು ಅಲ್ಲಿಯೇ ಬರೆದುಕೊಳ್ಳುತ್ತಾರೆ. ಆ ಅವಧಿಯುದ್ದಕ್ಕೂ ಹೊರಗಿದ್ದವರನ್ನು ಅವರು ಎಲ್ಲಿ ಸಿಕ್ಕರೋ ಅಲ್ಲಿ ಬರೆದುಕೊಳ್ಳುತ್ತಾರೆ. ಕಬ್ಬು ಕಡಿಯುವವರು ಎರಡನೆಯ ಗುಂಪಿಗೆ ಸೇರುತ್ತಾರೆ. ಊರಿನಲ್ಲಿ ಮನೆಗೆ ಬೀಗ. ಇಲ್ಲಿ ಗುಡಿಸಲಿಗೆ ಸಂಖ್ಯೆ ಇಲ್ಲ. ಬೆಳಗಿನ ಜಾವ ಗದ್ದೆಗೆ ಇಳಿದವರು ಬರುವುದು ಕತ್ತಲಾದ ಮೇಲೆ. ಎರಡೂ ಕಡೆ ತಪ್ಪಿಹೋಗುವ ಸಂಭವ ದೊಡ್ಡದು.

ಹೀಗೆ ತಪ್ಪಿಹೋದರೆ ನಷ್ಟ ಅವರೊಬ್ಬರದೇ ಅಲ್ಲ. ಎಲ್ಲಿಂದ ಬಂದಿರಿ, ಎಷ್ಟು ಕಾಲವಾಯಿತು, ಏಕೆ ಬಂದಿರಿ ಎಂಬ ಪ್ರಶ್ನೆಗಳು ಗಣತಿಯಲ್ಲಿರುತ್ತವೆ. ಆ ಉತ್ತರಗಳ ಮೇಲೆಯೇ ಮುಂದಿನ ಹಲವು ವರ್ಷ ಅಂಗನವಾಡಿ, ಹಾಸ್ಟೆಲು, ರೇಷನ್ನಿನ ಯೋಜನೆಗಳು ರೂಪುಗೊಳ್ಳುತ್ತವೆ. ಆದ್ದರಿಂದ ನಿಮ್ಮಂಥ ರೈತರು ಮಾಡಬಹುದಾದದ್ದು ಇದೆ. ನಿಮ್ಮ ಊರಿಗೆ ಬರುವ ಗಣತಿದಾರರು ಸಾಮಾನ್ಯವಾಗಿ ಅಲ್ಲಿಯದೇ ಶಾಲೆಯ ಶಿಕ್ಷಕರಾಗಿರುತ್ತಾರೆ. ಎಣಿಕೆ ಶುರುವಾಗುವ ಮೊದಲೇ, ಯಾವ ಯಾವ ಹೊಲಗಳಲ್ಲಿ ಎಷ್ಟು ಗುಡಿಸಲುಗಳಿವೆ, ಗ್ಯಾಂಗಿನ ಮುಕಾದಮ ಯಾರು ಎಂಬುದನ್ನು ಅವರಿಗೆ ತಿಳಿಸಿ. ಹಗಲು ಹೋದರೆ ಯಾರೂ ಸಿಗುವುದಿಲ್ಲವೆಂದೂ ಹೇಳಿ, ರಾತ್ರಿ ಊಟದ ಹೊತ್ತಿಗೆ ಜೊತೆಗೆ ಹೋಗಿ ತೋರಿಸಿ. ಕಡಿಯುವವರಿಗೂ, ಊರಿನಲ್ಲಿ ಯಾರಾದರೂ ತಮ್ಮ ಹೆಸರು ಬರೆಸಿದ್ದಾರೆಯೇ ಎಂದು ಫೋನು ಮಾಡಿ ಕೇಳಿಕೊಳ್ಳುವಂತೆ ತಿಳಿಸಿ. ಬರೆಸಿಲ್ಲವಾದರೆ ನಿಮ್ಮ ಹೊಲದ ಗುಡಿಸಲಿನಲ್ಲಿಯೇ, ಮಕ್ಕಳ ಹೆಸರನ್ನೂ ಸೇರಿಸಿ, ಬರೆಸಲಿ.